‘ನಾಳೆ ಬಾ’ ಎಂದು ಬರೆದ ಬಾಗಿಲು

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸುತ್ತಮುತ್ತಲಿನ ಹಳ್ಳಿಗಳಲ್ಲಿಯೂ ಅನೇಕ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಇರುಳಿನಲ್ಲಿ ಹೆಣ್ಣುದೆವ್ವವೊಂದು ಬಂದು ಕದ ಬಡಿಯುವುದೆಂದೂ, ಮನೆಯವರಿಗೆ ಪರಿಚಿತವಾದ ದನಿಯಲ್ಲಿ ಕೂಗುವುದೆಂದೂ, ಕದ ತೆರೆದವರು ಉಳಿಯರೆಂದೂ ಅಂದಿನ ವದಂತಿ. ಬರಹವನ್ನು ಓದಿ ಅದು ಹಿಂದಿರುಗುವುದು. ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಬಲ್ಲ, ಕೊಟ್ಟ ಮಾತನ್ನು ದಿನವೂ ನಂಬುವ ಈ ದೆವ್ವವು ಅದನ್ನು ಕಲ್ಪಿಸಿದವರಿಗಿಂತ ಸಾಧುವೆನ್ನಬೇಕು!

ಕತೆ ಹೊಸತಾದರೂ ಭಯ ಹೊಸತಲ್ಲ. ಶರಣಬಂಧುಗಳು ಬಲ್ಲಂತೆ, 12ನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಕ್ಷುದ್ರ ದೈವಗಳೂ ಬೆಂತರಗಳೂ ನೆಲೆಸಿವೆಯೆಂದು ಜನ ಅಂಜುತ್ತಿದ್ದ ತಾಣಗಳನ್ನು ಸಾಲಾಗಿ ಹೆಸರಿಸಿದ್ದಾರೆ. ಹಾಳುದಿಬ್ಬ, ಕೆರೆ, ಬಾವಿ, ನಾಲ್ಕು ದಾರಿ ಕೂಡುವೆಡೆ, ದೊಡ್ಡ ಆಲದ ಮರ ಇವೆಲ್ಲ ಅಲ್ಲಿವೆ. ಇಂದಿಗೂ ಯಾವ ಊರಿನಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಪಟ್ಟಿ ದೊರೆಯುತ್ತದೆ. ಊರವರು ಕತ್ತಲಾದ ಮೇಲೆ ಸುಳಿಯದ ಹಾಳು ದೇಗುಲವನ್ನು ಅಕ್ಕಮಹಾದೇವಿಯಾದರೋ ತನಗೆ ಮಲಗುವ ತಾವೆಂದೇ ಬಗೆದವಳು.

ಆದರೆ ಬಸವಣ್ಣನವರ ಆ ವಚನವನ್ನು ಓದುವವರು ಸ್ಥಳಗಳ ಪಟ್ಟಿಯಲ್ಲಿಯೇ ನಿಂತುಬಿಡುತ್ತಾರೆ. ಅದರಲ್ಲಿ ಇನ್ನೊಂದು ಪಟ್ಟಿಯೂ ಇದೆ: ಆ ದೈವಗಳು ಯಾರನ್ನು ಹಿಡಿಯುತ್ತವೆ ಎಂಬುದು. ಹಾಲು ಕರೆಯುವ ಎಮ್ಮೆ, ಎಳೆಗೂಸು, ಬಸುರಿ, ಬಾಣಂತಿ, ಮದುವೆಯಾಗದ ಹುಡುಗಿ. ದೆವ್ವಕ್ಕೂ ಬಲವಿಲ್ಲದವರೇ ಬೇಕು! ನಮ್ಮ ಜನಪದ ಕತೆಗಳಲ್ಲಿ ದೆವ್ವವಾಗುವವಳೂ ಬಹುಮಟ್ಟಿಗೆ ಹೆರಿಗೆಯಲ್ಲಿ ತೀರಿಕೊಂಡವಳು, ಇಲ್ಲವೆ ಬಾವಿಗೆ ಬಿದ್ದವಳು. ಆಕೆ ಬಾವಿಗೆ ಬಿದ್ದುದೇಕೆ ಎಂದು ಕತೆ ಹೇಳುವವರು ವಿಚಾರಿಸುವುದು ಅಪರೂಪ.

ಬಾಣಂತಿಯ ವಿಷಯವನ್ನಂತೂ ತುಸು ನಿಂತು ನೋಡಬೇಕು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಕೆಲವೇ ಮಂದಿ ತಾಯಂದಿರಿಗೆ ತೀವ್ರವಾದ ಮನೋವ್ಯಾಧಿ ತಲೆದೋರುವುದುಂಟು. ನಿದ್ರೆ ಬಾರದು, ಮಾತು ತಪ್ಪುತ್ತದೆ, ಇಲ್ಲದ ದನಿಗಳು ಕೇಳಿಸುತ್ತವೆ. ಒಮ್ಮೊಮ್ಮೆ ತನ್ನ ಜೀವಕ್ಕೂ ಕೂಸಿನ ಜೀವಕ್ಕೂ ಆಕೆಯಿಂದಲೇ ಅಪಾಯವಾಗಬಹುದು. ಗಾಳಿ ಸೋಕಿದೆಯೆಂದು ಮನೆಯವರು ಮಂತ್ರವಾದಿಯ ಬಳಿಗೆ ಕರೆದೊಯ್ಯುತ್ತಾರೆ. ಅಮೂಲ್ಯವಾದ ದಿನಗಳು ಅಲ್ಲಿ ಕಳೆದುಹೋಗುತ್ತವೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು ಕರ್ನಾಟಕದ 2017ರ ಕಾಯಿದೆ ಅಪರಾಧವೆಂದು ಸಾರಿದೆ. ಅದು 2020ರ ಜನವರಿಯಿಂದ ಜಾರಿಯಲ್ಲಿದೆ. ಕಾಯಿದೆ ಹೊಡೆತವನ್ನು ತಡೆದೀತು. ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಮಾತ್ರ ಮನೆಯವರದೇ.

‘ನಾಳೆ ಬಾ’ ಎಂದು ಬರೆದ ಅದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ಘಟಕವು 2009ರಿಂದ ನಡೆದುಬಂದಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು. ಮನೆಯಲ್ಲಿ ಇಂಥ ಬಾಣಂತಿಯಿದ್ದರೆ ಅಮಾವಾಸ್ಯೆ ಕಳೆಯಲೆಂದು ಕಾಯದೆ ಅಂದೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಜೊತೆಯಲ್ಲಿ ಕೂಸನ್ನು ಎತ್ತಿಕೊಳ್ಳಲು ಒಬ್ಬ ಹಿರಿಯ ಹೆಣ್ಣುಮಗಳಿದ್ದರೆ ಒಳಿತು.