ಧೂಳಲ್ಲ, ಪುಟ

ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬನ್ನಿ. ತೋರಣಗಲ್ಲಿನ ಕೆಂಪು ಧೂಳು ಹೇಗೂ ಒಳಗೆ ಬರುತ್ತದೆ, ಆದಷ್ಟು ಕಡಿಮೆ ಬರಲಿ. ಮೇ ತಿಂಗಳ ರಾತ್ರಿ ಹನ್ನೊಂದು ಗಂಟೆ. ಸಂಡೂರು ಕಡೆಯ ಹಳಿಯಲ್ಲಿ ಅದಿರಿನ ಗೂಡ್ಸ್ ಗಾಡಿ ಹೊರಟಿದೆ, ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿದೆ. ಮೂಲೆಯ ಸ್ಟ್ಯಾಂಡಿನ ಮೇಲಿರುವುದೇ ನನ್ನ ಸರ್ವರ್: ಎಂಟು ಕೋರಿನ ರೈಜೆನ್ 7 3700ಎಕ್ಸ್. ಹಗಲೂ ರಾತ್ರಿ ಮೊನೆರೊ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ಅದರ ಕೆಲಸ.

ಪರದೆ ನೋಡಿ. ಮೊನ್ನೆಮೊನ್ನೆಯವರೆಗೆ ಸೆಕೆಂಡಿಗೆ 8,400 ಹ್ಯಾಶ್ ಇದ್ದದ್ದು ಈಗ 5,100. ಕರೆಂಟು ಮೀಟರಿನ ಓಟ ಮಾತ್ರ ಅಷ್ಟೇನೂ ತಗ್ಗಿಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ, ಮೈನಿಂಗಿಗೆ ಹಾಕಿದ ಖರ್ಚನ್ನು ಅದರಲ್ಲಿ ಕಳೆಯುವ ಹಾಗೂ ಇಲ್ಲ. ಈ ಇಳಿತವನ್ನು ಸುಮ್ಮನೆ ನೋಡಿಕೊಂಡು ಕೂರಲಾರೆ.

ಈ ಊರಲ್ಲಿ ಮೊದಲ ಅನುಮಾನ ಧೂಳಿನ ಮೇಲೆಯೇ. ಯಂತ್ರ ಆರಿಸಿ ಪಕ್ಕದ ತಗಡು ಬಿಚ್ಚಿದೆ. ಫಿಲ್ಟರಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಬೆರಳ ತುದಿ ಇಟ್ಟಿಗೆ ಬಣ್ಣ. ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ ಧೂಳು ಹತ್ತಿಯಂತೆ ಮೆತ್ತಿಕೊಂಡಿದೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ರಷ್ ಆಡಿಸಿ, ಬ್ಲೋವರ್ ಬಿಟ್ಟೆ. ಮತ್ತೆ ಚಾಲೂ ಮಾಡಿದಾಗ ಪ್ರೊಸೆಸರಿನ ಬಿಸಿ 84 ಡಿಗ್ರಿಯಿಂದ 68ಕ್ಕೆ ಇಳಿದಿತ್ತು. ಗೆದ್ದೆ ಅಂದುಕೊಂಡೆ. ಹ್ಯಾಶ್ ನೋಡಿದರೆ 5,140.

ಆಗ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ: ಮೈನರ್ ಶುರುವಾಗುವಾಗ ಬರೆಯುವ ಸಾಲುಗಳನ್ನು ನಿಧಾನವಾಗಿ ಓದಿದೆ. ಅಲ್ಲಿತ್ತು: ಹ್ಯೂಜ್ ಪೇಜಸ್, 0/1168. ಅಂದರೆ ಮೆಮೊರಿಯ ದೊಡ್ಡ ಪುಟಗಳಲ್ಲಿ ಒಂದೂ ಸಿಕ್ಕಿಲ್ಲ.

ಮೊನೆರೊ 2019ರ ನವೆಂಬರ್ 30ರಿಂದ ರ್‍ಯಾಂಡಮ್ಎಕ್ಸ್ ಎಂಬ ಮೈನಿಂಗ್ ಲೆಕ್ಕವಿಧಾನ ಬಳಸುತ್ತಿದೆ. ಇದಕ್ಕೆ ಮೆಮೊರಿಯಲ್ಲಿ 2,080 ಎಂಬಿಯ ಡೇಟಾಸೆಟ್, ಜೊತೆಗೆ 256 ಎಂಬಿ ಕ್ಯಾಶ್ ಬೇಕು. ಡೇಟಾಸೆಟ್ಟಿನಲ್ಲಿ ಎಲ್ಲೆಂದರಲ್ಲಿ ಕೈಹಾಕಿ ಓದುತ್ತಲೇ ಇರಬೇಕು. ಲಿನಕ್ಸ್ ಮಾಮೂಲಿಯಾಗಿ 4 ಕೆಬಿ ಪುಟಗಳನ್ನು ಕೊಡುತ್ತದೆ. ಆ ಲೆಕ್ಕದಲ್ಲಿ ಸುಮಾರು 6 ಲಕ್ಷ ಪುಟ. ಅಷ್ಟು ವಿಳಾಸ ಪ್ರೊಸೆಸರಿನ ಕೈಯಳತೆಯ ಪಟ್ಟಿಯಲ್ಲಿ ಹಿಡಿಸುವುದಿಲ್ಲ, ಹುಡುಕಾಟದಲ್ಲೇ ಹೊತ್ತು ಹೋಗುತ್ತದೆ. 2 ಎಂಬಿಯ ದೊಡ್ಡ ಪುಟಗಳಾದರೆ 1,168 ಸಾಕು.

ಅವು ಹೋದದ್ದೆಲ್ಲಿ? ಮೂರು ದಿನದ ಹಿಂದೆ ಮಧ್ಯಾಹ್ನ ಕರೆಂಟು ಹೋಗಿತ್ತು. ಯುಪಿಎಸ್ ಕೈಕೊಟ್ಟು ಯಂತ್ರ ಆರಿ, ಕರೆಂಟು ಬಂದ ಮೇಲೆ ತಾನೇ ಎದ್ದಿತ್ತು. ದೊಡ್ಡ ಪುಟಗಳನ್ನು ನಾನು ಹಿಂದೊಮ್ಮೆ ಕೈಯಾರೆ ಕಮಾಂಡ್ ಕೊಟ್ಟು ಕಾದಿರಿಸಿದ್ದೆ, ಕಡತದಲ್ಲಿ ಬರೆದಿಟ್ಟಿರಲಿಲ್ಲ. ಯಂತ್ರ ಆರಿದಾಗಲೇ ಅದೂ ಅಳಿಸಿಹೋಯಿತು. ಧೂಳು ತಿಂಗಳುಗಟ್ಟಲೆ ಕೂತದ್ದು, ವೇಗ ಬಿದ್ದದ್ದು ಒಂದೇ ದಿನಕ್ಕೆ. ಅಷ್ಟನ್ನು ಯೋಚಿಸಿದ್ದರೂ ಸಾಕಿತ್ತು.

ಸಿಸ್‌ಸಿಟಿಎಲ್ ಕಡತದಲ್ಲಿ ದೊಡ್ಡ ಪುಟಗಳ ಸಂಖ್ಯೆ 1280 ಎಂದು ಬರೆದು ಉಳಿಸಿ, ಯಂತ್ರವನ್ನು ರೀಬೂಟ್ ಮಾಡಿದೆ. 1168/1168. ಒಂದು ನಿಮಿಷ ಕಾಯಿರಿ... 8,390. ಬಿಸಿ 71ಕ್ಕೆ ಏರಿದೆ. ಪ್ರೊಸೆಸರ್ ಈಗ ನಿಜವಾಗಿ ದುಡಿಯುತ್ತಿದೆ.

ನೀವೂ ಮೈನಿಂಗ್ ಮಾಡುತ್ತಿದ್ದರೆ ದೊಡ್ಡ ಪುಟಗಳ ಆ ಸಾಲು ನಿಮ್ಮ ಕಡತದಲ್ಲಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಕರೆಂಟು ಹೇಳಿ ಹೋಗುವುದಿಲ್ಲ.