ಒಂಟಿಕಾಲಿನ ನಿಲುವು

ವಿಜಯದಶಮಿಯ ಜಂಬೂಸವಾರಿ ಕೊನೆಗೊಳ್ಳುವ ಮೈಸೂರಿನ ಬನ್ನಿಮಂಟಪಕ್ಕೆ ಹೆಸರು ಬಂದುದು ಪೂಜ್ಯವಾದ ಬನ್ನಿಮರದಿಂದ. ಬೇರೂರಿದ ಮರಕ್ಕೆ ಒಂಟಿಯಾಗಿ ನಿಲ್ಲುವುದು ಸಹಜ. ಮನುಷ್ಯನಿಗಾದರೋ ಅದೊಂದು ಸಾಧನೆ. ಅಂತೆಯೇ ಒಂದು ಕಾಲನ್ನು ಮಡಿಸಿ ನಿಲ್ಲುವ ಭಂಗಿಗೆ ವೃಕ್ಷಾಸನವೆಂಬ ಹೆಸರಿದೆ. 1930ರ ದಶಕದಲ್ಲಿ ಇದೇ ನಗರದ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದ ಆಸನಗಳಲ್ಲಿಯೂ ಒಂಟಿಕಾಲಿನ ನಿಲುವುಗಳಿದ್ದವು.

ನೋಡಲು ಸುಲಭವಾದ ಈ ನಿಲುವಿಗೆ ಕಣ್ಣು, ಒಳಕಿವಿ, ಪಾದ, ಸ್ನಾಯುಗಳೆಲ್ಲವೂ ಕೂಡಿ ದುಡಿಯಬೇಕು. ವಯಸ್ಸಾದಂತೆ ಈ ಹೊಂದಾಣಿಕೆ ಸಡಿಲಗೊಳ್ಳುತ್ತದೆ. ಬ್ರೆಜಿಲ್ ದೇಶದಲ್ಲಿ 51ರಿಂದ 75 ವರ್ಷದ 1702 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಐವರಿಗೊಬ್ಬರು 10 ಸೆಕೆಂಡುಗಳ ಕಾಲ ಒಂಟಿಕಾಲಿನಲ್ಲಿ ನಿಲ್ಲಲಾರದೆ ಹೋದರು. ಮುಂದಿನ ಸುಮಾರು ಏಳು ವರ್ಷಗಳಲ್ಲಿ ಮರಣದ ಪ್ರಮಾಣ ಅಂಥವರಲ್ಲಿಯೇ ಹೆಚ್ಚಾಗಿತ್ತು.

ಹಾಗೆಂದು ನಿಲ್ಲಲಾರದವರು ಎದೆಗುಂದಬೇಕಾಗಿಲ್ಲ. ಈ ಪರೀಕ್ಷೆ ಆಯುಸ್ಸನ್ನು ಅಳೆಯದು. ದೇಹದ ಬಲ ಕುಗ್ಗುತ್ತಿರಬಹುದೆಂದು ಎಚ್ಚರಿಸುತ್ತದೆ. ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿದು, ಸ್ವತಂತ್ರವಾಗಿ ಓಡಾಡುತ್ತಿದ್ದವರೂ ಹಾಸಿಗೆ ಹಿಡಿಯಬಹುದು. ವೈದ್ಯರ ಸಲಹೆ ಪಡೆದು, ಗೋಡೆಯ ಬಳಿ, ಮನೆಯವರು ಜೊತೆಗಿರುವಾಗ ನಿತ್ಯವೂ ಅಭ್ಯಾಸ ಮಾಡಿದರೆ ಸಮತೋಲ ಸುಧಾರಿಸುತ್ತದೆ. ಮರವನ್ನು ಬೇರು ಕಾಯುತ್ತದೆ. ಹಿರಿಯರನ್ನು ಅಭ್ಯಾಸವೂ ಹತ್ತಿರದಲ್ಲಿರುವ ಮೊಮ್ಮಕ್ಕಳ ಕೈಯೂ ಕಾಯಬೇಕು.