ದುರ್ಗದ ಬಯಲಲ್ಲಿ ಜೀಪಿನ ಶ್ರುತಿ

ಚಿತ್ರದುರ್ಗ ಬಿಟ್ಟು ಹಿರಿಯೂರಿನ ಕಡೆ ಹೊರಟರೆ ಹೆದ್ದಾರಿ ಕಣ್ಣು ಹಾಯುವವರೆಗೂ ನೇರ. ಕುಂದಾಪುರದಿಂದ ಬಂದ ನಮಗೆ ಅದೇ ಒಂದು ಬೆರಗು. ನಮ್ಮಲ್ಲಿ ಫರ್ಲಾಂಗಿಗೊಂದು ತಿರುವು, ತಿರುವಿಗೊಂದು ಹಾರ್ನ್, ಮಳೆಗಾಲವಿಡೀ ಟಾರ್ಪಾಲಿನ ಮೇಲೆ ನೀರಿನ ಬಡಿತ. ಹಳೆಯ ಜೀಪು ಏನು ಗೊಣಗಿದರೂ ಕಿವಿಗೆ ಬೀಳುವುದಿಲ್ಲ. ಇಲ್ಲಿ ಬಂಡೆ, ಬಿಸಿಲು, ಬಯಲು. ವೇಗ ಐವತ್ತು ದಾಟಿದ್ದೇ ತಡ, ಹಿಂದಿನ ಸೀಟಿನ ಅಡಿಯಿಂದ ಗುಂಯ್ ಎಂಬ ನಾದ ಏಳುತ್ತದೆ, ಭಜನೆಗೆ ಮುಂಚೆ ಶ್ರುತಿಪೆಟ್ಟಿಗೆ ಒತ್ತಿದ ಹಾಗೆ.

ಕೋಟೆಯ ಕೆಳಗೆ ಪಂಕ್ಚರ್ ಹಾಕುವವ ಹೊರಡುವಾಗಲೇ ಹೇಳಿದ್ದ: “ರೋಡು ಬದಲಾದಾಗ ಸದ್ದೂ ಬದಲಾಗ್ತೈತಾ ನೋಡ್ಕಳ್ರಿ. ಬದಲಾದ್ರೆ ಟೈರು. ಇಲ್ಲಾಂದ್ರೆ ಒಳಗಿಂದು.” ನಯವಾದ ಡಾಂಬರಿನಿಂದ ಒರಟು ಸರ್ವೀಸ್ ರಸ್ತೆಗೆ ಇಳಿಯುತ್ತೇವೆ, ಮತ್ತೆ ಹತ್ತುತ್ತೇವೆ. ಸದ್ದು ಜಗ್ಗುವುದಿಲ್ಲ. ಟೈರು ಪಾರಾಯಿತು. ಸುಮಾರು 40 ಕಿ.ಮೀ. ಉದ್ದಕ್ಕೂ ಗೆಳೆಯನೂ ನಾನೂ ಗಂಟಲು ಹರಿದುಕೊಂಡು ಮಾತಾಡಿದೆವು.

ಹಿರಿಯೂರಿನ ಢಾಬಾದಲ್ಲಿ ಎದುರು ಕೂತವರು ಒಂದು ಕಾಲಕ್ಕೆ ಗಣಿಯಲ್ಲಿ ಜೀಪು ಓಡಿಸಿದ್ದ ಚಾಲಕ. ಹಳೆ ಜೀಪಿನ ಹಿಂದಿನ ಆಕ್ಸಲಿನೊಳಗಿನ ದೊಡ್ಡ ಗೇರು ಕ್ರೌನಿಗೆ 43 ಹಲ್ಲು, ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ನಿಗೆ 8 ಎಂದು ಅವರು ಮಗ್ಗಿ ಒಪ್ಪಿಸಿದಂತೆ ಹೇಳುತ್ತಾರೆ. ನಾನು ಬಿಲ್ಲಿನ ಹಿಂದೆ ಲೆಕ್ಕಕ್ಕೆ ಕೂರುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ಸುತ್ತುತ್ತದೆ, ಪಿನಿಯನ್ ಸುಮಾರು 2,400. ಅಂದರೆ ಸೆಕೆಂಡಿಗೆ ಮುನ್ನೂರಕ್ಕೂ ಮಿಕ್ಕಿ ಸಲ ಹಲ್ಲಿಗೆ ಹಲ್ಲು ಕೂಡುತ್ತದೆ. ಗಡಗಡ ಎನ್ನದೆ ಅದು ಸ್ವರ ಹಿಡಿದು ಹಾಡುವುದು ಇದಕ್ಕೇ! ಅವರಿಗೆ ನನ್ನ ಸಂಭ್ರಮ ಅರ್ಥವಾಗಲಿಲ್ಲ. “ಆಕ್ಸಿಲೇಟರ್ ತುಳಿದಾಗ ಜಾಸ್ತಿಯೋ, ಕಾಲು ಎತ್ತಿದಾಗ ಜಾಸ್ತಿಯೋ, ಅದನ್ನ ಹೇಳ್ರಿ ಮೊದ್ಲು” ಎಂದು ರೊಟ್ಟಿ ಮುರಿದರು.

ಉತ್ತರ ಸಿಕ್ಕಿದ್ದು ಮಾರಿಕಣಿವೆಯಲ್ಲಿ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ವೇದಾವತಿಯನ್ನು ಹಿಡಿದು ನಿಲ್ಲಿಸಿದೆ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಕಂಡದ್ದು 2022ರಲ್ಲಿ. ನಮ್ಮೂರಿನ ಕೆರೆ ವರ್ಷವರ್ಷವೂ ಉಕ್ಕಿ ಅಂಗಳಕ್ಕೆ ಬರುತ್ತದೆ, ನಾವು ಬೈಯುತ್ತೇವೆ. ಇಲ್ಲಿ ಒಂದು ಕೋಡಿಗೆ 89 ವರ್ಷ ಕಾದಿದ್ದಾರೆ. ಏರಿಯ ದಾರಿಯಲ್ಲಿ ನಮ್ಮ ಪರೀಕ್ಷೆಯೂ ನಡೆಯಿತು. ಎಡಕ್ಕೆ ತಿರುಗಿದರೆ ಭಾರವೆಲ್ಲ ಬಲಗಾಲಿಯ ಬೇರಿಂಗಿನ ಮೇಲೆ, ಬಲಕ್ಕೆ ತಿರುಗಿದರೆ ಎಡದ್ದರ ಮೇಲೆ. ಎರಡೂ ಕಡೆ ಸದ್ದು ಒಂದೇ. ಗಾಲಿಯ ಬೇರಿಂಗೂ ಪಾರು. ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಕಾಲು ಎತ್ತಿದೆ ನೋಡಿ, ಗುಂಯ್ ಹೋಗಿ ಊಳೇ ಶುರುವಾಯಿತು.

ಹೊಸದುರ್ಗದ ದಾರಿಯಲ್ಲಿ ಗುಡ್ಡದ ಸಾಲಿಗೆ ಗಾಳಿಯಂತ್ರಗಳು. ಚಹಾ ಅಂಗಡಿಯಲ್ಲಿ ಸಿಕ್ಕ ಗಾಳಿಯಂತ್ರದ ತಂತ್ರಜ್ಞನಿಗೆ ನಮ್ಮ ಕಥೆ ಕೇಳಿ ನಗು. ಅವರ ರೆಕ್ಕೆ ನಿಧಾನ, ಒಳಗಿನ ಶಾಫ್ಟು ಜೋರು. ನಮ್ಮದರಲ್ಲಿ ಶಾಫ್ಟು ಜೋರು, ಗಾಲಿ ನಿಧಾನ. ಗೇರ್‌ಬಾಕ್ಸ್ ಮಾತ್ರ ಇಬ್ಬರಿಗೂ ತಲೆನೋವು. ಅದರ ಬೇರಿಂಗು ಅದುರುವುದನ್ನು ಅಳೆಯಲು ಅವರು ಸೆನ್ಸರ್ ಅಂಟಿಸುತ್ತಾರಂತೆ. ಹೊಸದುರ್ಗದ ಗ್ಯಾರೇಜಿನವನು ಅದೇ ಕೆಲಸಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡ.

ಅವನು ಜೀಪಿನ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದು ಗಾಲಿ ತಿರುಗಿಸುತ್ತಾನೆ, ಇನ್ನೊಂದು ಉಲ್ಟಾ ತಿರುಗುತ್ತದೆ. “ಎರಡು ಗಾಲಿ ನಡುವಿನ ಸ್ಟಾರ್ ಪಿನಿಯನ್ ಚೆನ್ನಾಗೈತೆ.” ಗೇರುಗಳಿರುವ ಹೌಸಿಂಗಿನ ಮೂತಿಗೆ ಕೂತ ಜಾಯಿಂಟನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಟಕ್ ಟಕ್. “ಟೇಲ್ ಪಿನಿಯನ್ ಬೇರಿಂಗ್ ಲೂಸು. ತುಳಿದಾಗ ಪಿನಿಯನ್ನು ಕ್ರೌನಿಂದ ಆಚೆಗೆ ಒತ್ಕಂಡು ಸುಮ್ಕಿರ್ತೈತೆ. ಕಾಲೆತ್ತಿದ್ರೆ ಕ್ರೌನ್ ಕಡೆ ಎಳೀತೈತೆ, ಒದರ್ತೈತೆ.” ಬಿಚ್ಚಲು ಮಾತ್ರ ಆಗಲಿಲ್ಲ. ಬೇರಿಂಗ್ ಕೀಳುವ ಪುಲ್ಲರನ್ನು ಹೊಳಲ್ಕೆರೆಯ ಭಾವಮೈದ ಒಯ್ದಿದ್ದ. ನಾವೇ ಪುಲ್ಲರಿನ ಬಳಿಗೆ ಹೋಗುವುದೆಂದು ತೀರ್ಮಾನವಾಯಿತು.

ಹೊಳಲ್ಕೆರೆಯಲ್ಲಿ ಹೌಸಿಂಗ್ ತೆರೆದಾಗ ಕಪ್ಪು ಗೇರ್ ಆಯಿಲಿನ ಗಂಧಕದ ವಾಸನೆ ಬೀದಿಗೆಲ್ಲ ಹರಡಿತು. ಕಿತ್ತ ಬೇರಿಂಗನ್ನು ಭಾವಮೈದ ಡೀಸೆಲಿನಲ್ಲಿ ತೊಳೆದು ನನ್ನ ಅಂಗೈಗೆ ಇಟ್ಟ. ರೋಲರು ಓಡುವ ದಾರಿಯಲ್ಲಿ ಉಕ್ಕು ಚುಕ್ಕೆ ಚುಕ್ಕೆಯಾಗಿ ಎದ್ದುಹೋಗಿತ್ತು; ಉಗುರಿನಿಂದ ಸವರಿದರೆ ತಡೆಯುತ್ತಿತ್ತು. ಹೊಸದು ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರಬೇಕು. ಅಷ್ಟರಲ್ಲಿ ಗಣಪತಿಯ ದರ್ಶನ. ಮಾಡಿಲ್ಲದೆ ಬಯಲಲ್ಲೇ ಕೂತ ದೊಡ್ಡ ಗಣಪ! ನಮ್ಮ ಕರಾವಳಿಯ ಆಷಾಢದಲ್ಲಿ ಅವನಿಗೊಂದು ಕೊಡೆಯಾದರೂ ಬೇಕಾಗುತ್ತಿತ್ತು.

ಮರಳಿ ಬರುವಾಗ ಭಾವಮೈದ ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸುತ್ತಿದ್ದ. ಗುರುತು ಹಲ್ಲಿನ ತುದಿಗೂ ಬೀಳಬಾರದು, ಬುಡಕ್ಕೂ ಬೀಳಬಾರದು, ನಟ್ಟನಡುವೆ ಮೂಡಬೇಕು. ಮೂಡಲಿಲ್ಲ. ಕಾಗದದಷ್ಟು ತೆಳ್ಳನೆಯ ಶಿಮ್ ಒಂದನ್ನು ತೆಗೆದ, ಮತ್ತೆ ಕೂಡಿಸಿದ. ಕ್ರೌನ್ ಕೂಡಿಸುವ ಮೊದಲೇ, ಪಿನಿಯನ್ನಿನ ಬಿಗಿತ ನೋಡಲು ಅದರ ಮೂತಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದಿದ್ದನಂತೆ. ತಕ್ಕಡಿ ಅಲ್ಲೇ ನೇತಾಡುತ್ತಿತ್ತು. ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಅದರಲ್ಲಿ ಬಂಗುಡೆ ತೂಗುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಶಿವಮೊಗ್ಗದ ರಸ್ತೆ ಹಿಡಿದೆವು. ಮುಂದೆ ಹುಲಿಕಲ್ ಘಾಟಿಯನ್ನು ಇಳಿಯುವುದಿದೆ. ಅರವತ್ತಕ್ಕೆ ಏರಿಸಿ ಕಾಲು ಎತ್ತಿ ನೋಡಿದೆ, ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. “ಊಟ ಎಲ್ಲಿ ಮಾಡುವ?” ಎಂದು ಗೆಳೆಯನನ್ನು ಕೇಳಿದೆ. ಪಕ್ಕದಲ್ಲಿ ಸಾಗುತ್ತಿದ್ದ ಬೈಕಿನವನು ಕತ್ತು ತಿರುಗಿಸಿ, ಮುಂದಿನ ಊರಲ್ಲಿ ಒಳ್ಳೆ ಖಾನಾವಳಿ ಇದೆ ಎಂದ.